ಗ್ಯಾಸಿನಿಂದ ಯಾರೂ ಸಾಯುವುದಿಲ್ಲ

ನನಗೆ ಏನೂ ಆಗಿಲ್ಲ. ನನ್ನ ತೊಂದರೆಯೇ ಅದು. ಜ್ವರ ಬಂದಿದ್ದರೆ ಹಣೆ ಮುಟ್ಟಿ ನೋಡುವವರಿರುತ್ತಿದ್ದರು. ಕಾಲು ಮುರಿದಿದ್ದರೆ ಪಕ್ಕದ ಫ್ಲಾಟಿನವರು ಕಿತ್ತಳೆಹಣ್ಣು ಹಿಡಿದು ಬಂದು, ತಮ್ಮ ಭಾವಮೈದುನನ ಕಾಲು ಮುರಿದ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ ಹೋಗುತ್ತಿದ್ದರು. ಕೊಲೆಸ್ಟೆರಾಲ್ ಬಂದವನನ್ನು ನೋಡಲು ಯಾರೂ ಬರುವುದಿಲ್ಲ. ಬಂದರೂ ಏನು ನೋಡುತ್ತಾರೆ? ನೋವಿಲ್ಲ, ಬಾವಿಲ್ಲ, ಕೆಮ್ಮಿಲ್ಲ. ಬಂಗಾಳದ ಈ ದೊಡ್ಡ ಊರಿನಲ್ಲಿ ಬೆಳಗ್ಗೆ ಬಾಲಿಗಂಜಿನಿಂದ ಬಸ್ಸು ಹತ್ತಿ ಸಾಲ್ಟ್ ಲೇಕಿನ ಸರ್ಕಾರಿ ಕಚೇರಿಗೆ ಹೋಗಿ, ಕಡತಗಳನ್ನು ಒಂದು ಮೇಜಿನಿಂದ ಇನ್ನೊಂದಕ್ಕೆ ಸಾಗಿಸಿ ಬರುವ ಗಟ್ಟಿಮುಟ್ಟಾದ ಮನುಷ್ಯ ನಾನು. ಆದರೂ ಮೂರು ತಿಂಗಳಿಂದ ರೋಗಿ. ಕಾಯಿಲೆಯ ಸುಖ ಒಂದೂ ಇಲ್ಲದೆ ಅದರ ಪಥ್ಯವನ್ನೆಲ್ಲ ಮಾಡಬೇಕಾದ ಈ ಸ್ಥಿತಿ ಮನುಷ್ಯನನ್ನು ಬಹಳ ದಣಿಸುತ್ತದೆ.

ಎಲ್ಲ ಶುರುವಾದದ್ದು ಕಚೇರಿಯ ವಾರ್ಷಿಕ ತಪಾಸಣೆಯಿಂದ. ಐವತ್ತು ದಾಟಿದವರು ವರ್ಷಕ್ಕೊಮ್ಮೆ ರಕ್ತ ಕೊಡಬೇಕೆಂದು ನಮ್ಮಲ್ಲಿ ನಿಯಮ. ನನಗೀಗ ಐವತ್ತೇಳು, ಇಷ್ಟು ವರ್ಷ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಈ ಸಲ ಹೆಸರು ಹಾಕಿ ನೋಟೀಸು ಅಂಟಿಸಿದರು. ಹಿಂದಿನ ರಾತ್ರಿಯಿಂದ ಉಪವಾಸವಿದ್ದು ಬರಬೇಕು ಎಂದು ಅದರ ಕೆಳಗೆ ಬರೆದಿತ್ತು.

ಉಪವಾಸದ ವಿಷಯದಲ್ಲಿ ಧಾರವಾಡದ ನಮ್ಮ ಮನೆತನಕ್ಕೆ ಯಾರೂ ಪಾಠ ಹೇಳಬೇಕಾಗಿಲ್ಲ. ನಮ್ಮಲ್ಲಿ ಉಪವಾಸವೆಂದರೆ ಅನ್ನ ಬಿಡುವುದು, ಅನ್ನ ಬಿಟ್ಟ ದುಃಖಕ್ಕೆ ಅದಕ್ಕಿಂತ ರುಚಿಯಾದದ್ದನ್ನು ತಿನ್ನುವುದು. ಇದಕ್ಕೆ ಫರಾಳ ಎಂದು ಹೆಸರು. ಧಾರಾಳವಾಗಿ ತುಪ್ಪ ಹಾಕಿದ ಸಾಬೂದಾಣಿ ಖಿಚಡಿ, ಅದರ ತುಂಬ ಹುರಿದ ಶೇಂಗಾದ ಪುಡಿ, ಪಕ್ಕದಲ್ಲಿ ಗಟ್ಟಿ ಮೊಸರು, ಕೊನೆಗೊಂದು ಲೋಟ ಹಾಲು. ರಕ್ತ ಕೊಡುವ ದಿನ ಸೋಮವಾರವಾಗಿತ್ತು, ನನ್ನ ಹೆಂಡತಿ ಸುಮಿತ್ರಾಳ ಉಪವಾಸದ ದಿನ. ಎಂದೂ ಇಲ್ಲದೆ ಗಂಡನೂ ಉಪವಾಸವೆಂದು ಕೇಳಿ ಅವಳು ಸಂತೋಷದಿಂದ ಎರಡು ಹಿಡಿ ಸಾಬೂದಾಣಿ ಹೆಚ್ಚಿಗೆ ನೆನೆಸಿದ್ದಳು. ನಾನೂ ತಿಂದೆ. ಅದು ತಿನ್ನುವುದೆಂದು ನನಗೆ ಹೊಳೆಯಲೇ ಇಲ್ಲ. ಐವತ್ತು ವರ್ಷ ಹೊಳೆಯದ್ದು ಅವತ್ತೇ ಯಾಕೆ ಹೊಳೆಯಬೇಕು? ಲ್ಯಾಬಿನಲ್ಲಿ ರಕ್ತ ತೆಗೆಯುವ ಹೆಂಗಸು ಉಪವಾಸವಿದ್ದೀರಾ ಎಂದು ಹಿಂದಿಯಲ್ಲಿ ಕೇಳಿದಾಗ, ಅಂಗಿಯ ತೋಳು ಮಡಚುತ್ತ ಹೌದೆಂದೆ. ಆ ಉತ್ತರದಲ್ಲಿ ಸ್ವಲ್ಪ ಪುಣ್ಯವಂತನ ಗತ್ತೂ ಇತ್ತು.

ವರದಿಯಲ್ಲಿ ಅರ್ಧ ಅಂಕಿಗಳು ಕೆಂಪಾಗಿ ಬಂದವು. ಅದನ್ನು ಹಿಡಿದುಕೊಂಡು ಗರಿಯಾಹಾಟಿನ ಸೀರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಕೂರುವ ವಯಸ್ಸಾದ ಬಂಗಾಳಿ ಡಾಕ್ಟರ ಬಳಿ ಹೋದೆ. ಬೆಳಗ್ಗೆ ಏನು ತಿಂದಿದ್ದಿರಿ ಎಂದು ಅವರು ಕೇಳಿದರು. ಏನೂ ಇಲ್ಲ, ಬರೀ ಸಾಬೂದಾಣಿ ಎಂದೆ. ಡಾಕ್ಟರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ನಾವೂ ಅಷ್ಟಮಿಯ ಉಪವಾಸಕ್ಕೆ ಲುಚಿ ಪೂರಿ ತಿನ್ನುವ ಜನವೇ. ಆದರೆ ತಿಂದು ಲ್ಯಾಬಿಗೆ ಹೋಗುವುದಿಲ್ಲ," ಎಂದು ಇನ್ನೊಮ್ಮೆ ರಕ್ತ ಕೊಡಲು ಚೀಟಿ ಬರೆದರು.

ಆ ಮುಂದಿನ ಹತ್ತು ದಿನ ನಾನು ಬಹಳ ಸುಖವಾಗಿದ್ದೆ. ತಪ್ಪೆಲ್ಲ ಸಾಬೂದಾಣಿಯದು, ರಕ್ತದ್ದಲ್ಲ ಎಂದು ನನ್ನಷ್ಟಕ್ಕೆ ತೀರ್ಪು ಕೊಟ್ಟುಕೊಂಡಿದ್ದೆ. ಎರಡನೆಯ ಸಲ ಬರೀ ನೀರು ಕುಡಿದು ಹೋದೆ. ಟ್ರೈಗ್ಲಿಸರೈಡ್ ಎಂಬ ಅಂಕಿ ಪಾಪ ಇಳಿದಿತ್ತು. ಕೆಟ್ಟ ಕೊಲೆಸ್ಟೆರಾಲ್ ಎಂದು ಹೆಸರಾದದ್ದು ಮಾತ್ರ ಇದ್ದಲ್ಲೇ ಇತ್ತು. ಆ ಆರೋಪದಿಂದ ಸಾಬೂದಾಣಿಗೆ ಬಿಡುಗಡೆಯಾಯಿತು, ನಾನು ಸಿಕ್ಕಿಬಿದ್ದೆ. ಎರಡು ತಿಂಗಳು ಪಥ್ಯ ಮಾಡಿ, ನಡೆಯಿರಿ, ಆಮೇಲೆ ನೋಡೋಣ ಎಂದರು ಡಾಕ್ಟರು.

ಪಥ್ಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಓಟ್ಸಿನಿಂದ ಉಪ್ಪಿಟ್ಟು ಮಾಡಬಹುದೆಂದು ಯಾರೋ ಸುಮಿತ್ರಾಳಿಗೆ ಹೇಳಿದ್ದರು. ಮಾಡಬಹುದು ನಿಜ, ತಿನ್ನುವ ವಿಚಾರವನ್ನು ಅವರು ಹೇಳಿರಲಿಲ್ಲ. ನಡಿಗೆಯ ಕತೆ ಇನ್ನೂ ಬೇರೆ. ಈ ಊರಿನಲ್ಲಿ ಬೆಳಗಿನ ನಡಿಗೆಯೆಂಬುದು ಕಚೂರಿ ಅಂಗಡಿಗೆ ಹೋಗುವ ಸುತ್ತುದಾರಿ. ಹತ್ತಿರದ ಕೆರೆಯನ್ನು ಎರಡು ಸುತ್ತು ಬಂದವರೆಲ್ಲ ಬಿಸಿ ಕಚೂರಿ, ಆಲೂಗಡ್ಡೆ ಪಲ್ಯ, ಇಲ್ಲಿಯವರು ಜಿಲಿಪಿ ಎನ್ನುವ ಜಿಲೇಬಿಯ ಮುಂದೆ ನಿಂತು, ಎಣ್ಣೆಯ ಕೈಯಲ್ಲೇ ಹೃದಯದ ಆರೋಗ್ಯದ ಬಗ್ಗೆ ಚರ್ಚಿಸುತ್ತಾರೆ. ಕೊಲೆಸ್ಟೆರಾಲಿನ ಗುಳಿಗೆ ಶುರುಮಾಡಿದರೆ ಸಾಯುವವರೆಗೂ ಬಿಡುವಂತಿಲ್ಲ, ಹಸಿ ಬೆಳ್ಳುಳ್ಳಿ ತಿನ್ನಿ ಎಂದು ಒಬ್ಬರು. ಇಲ್ಲ, ಅರ್ಜುನ ಮರದ ತೊಗಟೆ ಎಂದು ಇನ್ನೊಬ್ಬರು. ನಾನು ಎರಡನ್ನೂ ಮಾಡಿದೆ. ಬೆಳ್ಳುಳ್ಳಿಯಿಂದ ಆದ ಒಂದೇ ಪ್ರಯೋಜನವೆಂದರೆ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇರತೊಡಗಿತು.

ನಡೆಯುತ್ತ ನಡೆಯುತ್ತ ಒಂದು ಯೋಚನೆ ಬರುತ್ತಿತ್ತು. ನಮ್ಮ ಹಳೆಯ ಕಾವ್ಯಗಳಲ್ಲಿ ಎದೆಗೆ ಏನೆಲ್ಲ ಆಗುತ್ತದೆ. ತುಂಬಿ ಬರುತ್ತದೆ, ಕರಗುತ್ತದೆ, ಝಲ್ಲೆನ್ನುತ್ತದೆ, ವಿರಹದಲ್ಲಿ ಬೇಯುತ್ತದೆ, ಕೊನೆಗೆ ಒಡೆದೂ ಹೋಗುತ್ತದೆ. ಅದಕ್ಕೆ ರಕ್ತ ಹೋಗುವ ಕೊಳವೆಯಲ್ಲಿ ಜಿಡ್ಡು ಕಟ್ಟಿಕೊಂಡಿತೆಂದು ಮಾತ್ರ ಯಾವ ಕವಿಯೂ ಬರೆದಂತಿಲ್ಲ. ನಳನೂ ದುಷ್ಯಂತನೂ ತುಪ್ಪ ತಿಂದೇ ಬೆಳೆದವರು. ಅವರ ರಕ್ತವನ್ನು ಯಾರೂ ಪರೀಕ್ಷೆಗೆ ಕಳಿಸಲಿಲ್ಲ, ಹಾಗಾಗಿ ಕವಿಗಳಿಗೆ ಶೃಂಗಾರಕ್ಕೆ ಬಿಡುವು ಸಿಕ್ಕಿತು.

ಎರಡು ತಿಂಗಳ ನಂತರ ಮೂರನೆಯ ಪರೀಕ್ಷೆ. ಅಂಕಿ ಇಳಿದಿತ್ತು, ಆದರೆ ಮೊಂಡು ಹುಡುಗ ಅಪ್ಪನ ಮಾತಿಗೆ ಒಂದು ಹೆಜ್ಜೆ ಹಿಂದೆ ಸರಿದು ನಿಂತ ಹಾಗೆ, ಅಷ್ಟೇ ಅಷ್ಟು. ಡಾಕ್ಟರು ಕಂಪ್ಯೂಟರಿನಲ್ಲಿ ಏನೋ ತೆರೆದು ವಯಸ್ಸು, ರಕ್ತದೊತ್ತಡ, ಸಕ್ಕರೆ, ಸಿಗರೇಟು ಎಂದು ಒಂದೊಂದೇ ಕೇಳಿ ತುಂಬಿಸಿದರು. ಕೊನೆಗೆ, ನಿಮ್ಮಂಥ ನೂರು ಮಂದಿಯನ್ನು ನಿಲ್ಲಿಸಿದರೆ ಮುಂದಿನ ಹತ್ತು ವರ್ಷಗಳಲ್ಲಿ ಇಷ್ಟು ಮಂದಿಗೆ ಹೃದಯದ ತೊಂದರೆ ಆಗಬಹುದು ಎಂದು ಒಂದು ಸಂಖ್ಯೆ ಹೇಳಿದರು. ಸಂಖ್ಯೆ ಎಷ್ಟೆಂದು ಇಲ್ಲಿ ಬರೆಯುವುದಿಲ್ಲ. ಅದನ್ನು ಆಗ ಸುಮಿತ್ರಾಳಿಗೂ ಹೇಳಿರಲಿಲ್ಲ. ನನ್ನನ್ನು ಕಾಡಿದ್ದು ಆ ನೂರು ಮಂದಿ. ಒಂದೇ ಬೊಕ್ಕತಲೆ, ಒಂದೇ ಚರ್ಮದ ಚೀಲ ಹಿಡಿದ ನೂರು ನಾನುಗಳು ಗರಿಯಾಹಾಟಿನ ನಾಲ್ಕು ರಸ್ತೆ ಕೂಡುವಲ್ಲಿ ಆಟೋಗಾಗಿ ಸಾಲು ನಿಂತಂತೆ ಕಾಣಿಸಿತು. ಅವರಲ್ಲಿ ಕೆಲವರನ್ನು ಯಾರೋ ಬಂದು ತೋಳು ಹಿಡಿದು ಕರೆದೊಯ್ಯುತ್ತಾರೆ. ನಾನು ಸಾಲಿನಲ್ಲಿ ಎಲ್ಲಿದ್ದೇನೆಂದು ಡಾಕ್ಟರಿಗೂ ಗೊತ್ತಿಲ್ಲ.

"ತಂದೆ ತಾಯಿಗೆ ಹೃದಯದ ಕಾಯಿಲೆ ಇತ್ತೇ?" ಎಂದು ಅವರು ಕೇಳಿದರು.

ಇಲ್ಲ ಎಂದೆ. ಅವ್ವ ಎಂಬತ್ತು ದಾಟಿ ಹೋದಳು. ಅಪ್ಪ ಹೋದಾಗ ನನಗೆ ಹನ್ನೊಂದು, ಅವರಿಗೆ ಐವತ್ತೊಂದು. ಆದರೆ ಅದು ಹೃದಯದ್ದಲ್ಲ, ಗ್ಯಾಸ್. ಗ್ಯಾಸ್ ಮೇಲಕ್ಕೇರಿ ಹೋದರು ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ.

ಡಾಕ್ಟರು ಕೀಲಿಮಣೆಯಿಂದ ಕೈ ತೆಗೆದರು. "ನಲವತ್ತು ವರ್ಷದಿಂದ ಇಲ್ಲಿ ಕೂತಿದ್ದೇನೆ. ಈ ಊರಿನಲ್ಲಿ ಗ್ಯಾಸ್ ಇಲ್ಲದವರೇ ಇಲ್ಲ. ಗ್ಯಾಸಿನಿಂದ ಸತ್ತವರನ್ನು ಮಾತ್ರ ನಾನು ನೋಡಿಲ್ಲ. ಮನೆಯಲ್ಲಿ ಹಿರಿಯರಿದ್ದರೆ ಕೇಳಿ ನೋಡಿ. ಅದರ ಮೇಲೆ ಗುಳಿಗೆಯ ತೀರ್ಮಾನ ಮಾಡೋಣ."

ನಮ್ಮ ಮನೆಯ ಹಿರಿಯರೆಂದರೆ ಈಗ ಧಾರವಾಡದಲ್ಲಿರುವ ಅಕ್ಕ ಒಬ್ಬಳೇ. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಭಾನುವಾರ ಮಧ್ಯಾಹ್ನ ಸುಮಿತ್ರಾ ಮಲಗಿದಾಗ ಬಾಲ್ಕನಿಗೆ ಹೋಗಿ ಫೋನು ಮಾಡಿದೆ. ಮಳೆ, ಮೊಮ್ಮಕ್ಕಳು, ಮೊಣಕಾಲು ಎಲ್ಲ ಆದಮೇಲೆ ಕೇಳಿದೆ:

"ಅಕ್ಕಾ, ಅಪ್ಪ ಖರೇನ ಗ್ಯಾಸಿನಿಂದ ಹೋದ್ರೇನು?"

"ಈಗ್ಯಾಕ ಬಂತು ಆ ಮಾತು?"

ಡಾಕ್ಟರು ಕೇಳಿದ್ದನ್ನು ಹೇಳಿದೆ. ಆ ಕಡೆ ಟಿವಿಯ ಸದ್ದು ನಿಂತಿತು.

"ಅವರಿಗೆ ಎದಿದು ಇತ್ತು, ತಮ್ಮಾ. ಹೋಗೂಕಿಂತ ಒಂದು ವರ್ಷ ಮೊದಲ ಹುಬ್ಬಳ್ಳ್ಯಾಗ ದೊಡ್ಡ ಡಾಕ್ಟರಿಗೆ ತೋರಿಸಿದ್ರು. ಜೋಡಿ ನಾನ ಹೋಗಿದ್ದೆ. ಆವಾಗ ನನ್ನ ನೋಡ್ಲಿಕ್ಕೆ ಗಂಡಿನವರು ಬರಲಿಕ್ಕೆ ಸುರು ಆಗಿತ್ತು. ಮನಿತನದಾಗ ಎದಿ ಬ್ಯಾನಿ ಅದ ಅಂತ ಗೊತ್ತಾದ್ರ ಯಾರು ಬರ್ತಾರ? ಕೇಳಿದವರಿಗೆ ಗ್ಯಾಸ್ ಅಂತ ಹೇಳು ಅಂದ್ರು ಅಪ್ಪ. ಅವ್ವಗೂ ಹಂಗ ಹೇಳು ಅಂದ್ರು. ಹೇಳಿದೆ."

"ಡಾಕ್ಟರು ಗುಳಿಗಿ ಕೊಟ್ಟಿರಲಿಲ್ಲೇನು?"

"ಕೊಟ್ಟಿದ್ರು. ಮನ್ಯಾಗ ಕಂಡ್ರ ಅವ್ವ ಕೇಳ್ತಾಳ ಅಂತ ತಗೊಳ್ಳಲಿಲ್ಲ. ನನ್ನ ಲಗ್ನ ಆಗೂದರಾಗ ಅವರೇ ಇರಲಿಲ್ಲ."

"ಇಷ್ಟು ವರ್ಷ ಯಾಕ ಹೇಳಲಿಲ್ಲಕ್ಕ?"

"ಯಾರೂ ಕೇಳಲಿಲ್ಲ ನೋಡು," ಎಂದಳು.

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಪ್ಪತ್ತೆರಡು ವರ್ಷದ ಹುಡುಗಿ, ತನ್ನ ಮದುವೆಗೋಸ್ಕರ ಅಪ್ಪ ಗುಳಿಗೆ ಬಿಟ್ಟರೆಂಬುದನ್ನು ಅರವತ್ತೆಂಟರವರೆಗೆ ಒಬ್ಬಳೇ ಹೊತ್ತುಕೊಂಡು ಬಂದಿದ್ದಾಳೆ. ಹಬ್ಬಕ್ಕೆ ಹೋದಾಗಲೆಲ್ಲ ನನಗೆ ಎರಡು ಹೋಳಿಗೆ ಹೆಚ್ಚಿಗೆ ಬಡಿಸುತ್ತಿದ್ದಳು, ಆಮೇಲೆ ಯಾಕೋ ಮುಖ ನೋಡುತ್ತಿದ್ದಳು. ಅವಳಿಗಾಗಿ ನನಗೆ ತುಂಬ ದುಃಖವಾಯಿತು. ಅಪ್ಪನಿಗಾಗಿಯೂ ಆಯಿತು, ನಲವತ್ತಾರು ವರ್ಷ ತಡವಾಗಿ. ಅವರಿಗಿಂತ ನಾನೀಗ ಆರು ವರ್ಷ ದೊಡ್ಡವನು ಎಂಬುದು ಅಲ್ಲಿ ಬಾಲ್ಕನಿಯಲ್ಲಿ ಕೂತಾಗ ಲೆಕ್ಕಕ್ಕೆ ಸಿಕ್ಕಿತು.

ಡಾಕ್ಟರಿಗೆ ಹೇಳಿದೆ. ತಂದೆಯದು ಅಷ್ಟು ಸಣ್ಣ ವಯಸ್ಸಿನಲ್ಲಿ ಆಗಿದ್ದರೆ ಯೋಚಿಸುವುದೇನೂ ಉಳಿದಿಲ್ಲ ಎಂದು ಊಟದ ನಂತರ ದಿನಕ್ಕೊಂದು ಗುಳಿಗೆ ಬರೆದರು. ಕೊಂಡುಕೊಂಡೆ. ಕೊಂಡುಕೊಂಡು ಕಚೇರಿಯ ಚೀಲದಲ್ಲಿ ಇಟ್ಟೆ. ಒಂಬತ್ತು ದಿನ ಅದು ಅಲ್ಲೇ ಇತ್ತು. ದಿನಾ ಸಾಲ್ಟ್ ಲೇಕಿಗೆ ಹೋಗಿ ಬರುವುದನ್ನು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿರಲಿಲ್ಲ. ಒಮ್ಮೆ ಶುರುಮಾಡಿದರೆ ಬಿಡುವಂತಿಲ್ಲ ಎಂಬ ಮಾತು ತಲೆಯಲ್ಲಿತ್ತು. ಏನೂ ಆಗದ ನನಗೆ ಏನೋ ಆಗಿದೆಯೆಂದು ಪ್ರತಿದಿನ ಒಪ್ಪಿಕೊಳ್ಳಬೇಕೆಂಬ ಆಯಾಸ ಅದಕ್ಕಿಂತ ದೊಡ್ಡದು. ಸುಮಿತ್ರಾಳಿಗೆ ಹೇಳಿದರೆ ಗಾಬರಿಯಾಗುತ್ತಾಳೆ, ಮಗಳಿಗೆ ಹೇಳಿದರೆ ಓದು ಕೆಡುತ್ತದೆ. ಕಾರಣಗಳು ಒಂದರ ಹಿಂದೊಂದು ತಾವಾಗಿಯೇ ಬಂದವು. ಅಪ್ಪನಿಗೂ ಹೀಗೆಯೇ ಬಂದಿರಬೇಕು.

ಹತ್ತನೆಯ ದಿನ ಊಟಕ್ಕೆ ಕೂತಿದ್ದೆವು. ಮಗಳು ಮೈತ್ರಿ ಇದೇ ಊರಿನಲ್ಲಿ ಹುಟ್ಟಿ ಬೆಳೆದವಳು. ಅವಳ ಕನ್ನಡದಲ್ಲಿ ಎಲ್ಲ ಭಾಷೆಗಳಿಗೂ ಸ್ವಲ್ಪ ಸ್ವಲ್ಪ ಜಾಗವಿದೆ. ಸಂಶೋಧನೆಗೆ ಸೇರುವ ಮುಂಚೆ ಕೊಡಬೇಕಾದ ಆರೋಗ್ಯದ ಫಾರ್ಮನ್ನು ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ತುಂಬುತ್ತಿದ್ದಳು.

"ಅಪ್ಪಾ, ಇಲ್ಲಿ ಫ್ಯಾಮಿಲಿ ಹಿಸ್ಟರಿ ಕೇಳ್ತಾ ಇದೆ. ಫಾದರ್, ಗ್ರ್ಯಾಂಡ್‌ಫಾದರ್, ಹಾರ್ಟ್ ಪ್ರಾಬ್ಲಮ್. ಎರಡೂ ನೋ ತಾನೆ? ತಾತಂಗೆ ಗ್ಯಾಸ್ ಆಗಿತ್ತಲ್ವಾ?"

ನಾನು ಇಷ್ಟು ದಿನ ಡಾಕ್ಟರ ಕಂಪ್ಯೂಟರಿಗೆ ಉತ್ತರ ಹೇಳುವವನೆಂದು ತಿಳಿದಿದ್ದೆ. ಇನ್ನೊಬ್ಬರ ಫಾರ್ಮಿನಲ್ಲಿ ನಾನೇ ಒಂದು ಪ್ರಶ್ನೆಯೆಂದು ಯೋಚಿಸಿರಲಿಲ್ಲ. ಗ್ಯಾಸ್ ಎಂದರೆ ಮುಗಿಯುತ್ತಿತ್ತು. ಅವಳು ನಂಬುತ್ತಿದ್ದಳು, ಮೂವತ್ತು ವರ್ಷದ ನಂತರ ಇನ್ಯಾರೋ ಡಾಕ್ಟರ ಮುಂದೆ ಅದನ್ನೇ ಹೇಳುತ್ತಿದ್ದಳು.

"ಗ್ಯಾಸ್ ಅಲ್ಲ. ಅಜ್ಜಗ ಎದಿದು ಇತ್ತು. ಹೌದು ಅಂತ ಬರಿ," ಎಂದೆ. ಅಕ್ಕ ಹೇಳಿದ್ದನ್ನೆಲ್ಲ ಹೇಳಿದೆ, ನೂರು ಮಂದಿಯ ಆ ಸಂಖ್ಯೆಯನ್ನೂ ಹೇಳಿದೆ.

ಸುಮಿತ್ರಾ ಗಾಬರಿಯಾಗಲಿಲ್ಲ. ಸಾರಿನ ಸೌಟು ಕೆಳಗಿಟ್ಟು, "ನಿಮ್ಮ ಬ್ಯಾಗಿನಾಗಿನ ಗುಳಿಗಿ ಇದಕ್ಕೇನ್ರಿ? ಡಬ್ಬಿ ಇಡುಮುಂದ ದಿನಾ ನೋಡ್ತೀನಿ. ನೀವಾಗೇ ಹೇಳ್ತೀರಿ ಅಂತ ಸುಮ್ಮನಿದ್ದೆ," ಎಂದಳು. ನನಗೆ ನಾಚಿಕೆಯಾಯಿತು.

ಮೈತ್ರಿ ಫಾರ್ಮಿನ ಕಡೆ ತಿರುಗಿದಳು. "ಗ್ರ್ಯಾಂಡ್‌ಫಾದರ್ ಯೆಸ್. ಏಜ್ ಅಟ್ ಡೆತ್, ಫಿಫ್ಟಿ ಒನ್. ಫಾದರ್, ಕೊಲೆಸ್ಟೆರಾಲ್, ಯೆಸ್. ಟ್ರೀಟ್‌ಮೆಂಟ್ ತಗೋತಾ ಇದ್ದಾರಾ ಅಂತ ಕೇಳ್ತಾ ಇದೆ."

ನಾನು ಎದ್ದು ಹೋಗಿ ಚೀಲದಿಂದ ಗುಳಿಗೆ ತಂದೆ. ಒಂದನ್ನು ಬಿಡಿಸಿ ನೀರಿನ ಜೊತೆ ನುಂಗಿದೆ. ಅದಕ್ಕೆ ಯಾವ ರುಚಿಯೂ ಇರಲಿಲ್ಲ. ಅವಳು ಯೆಸ್ ಎಂದು ಬರೆದಳು. ಅದರ ಮುಂದೆ, ನನ್ನ ಸಾಲಿನಲ್ಲೇ, ಮೃತರಾಗಿದ್ದರೆ ಆಗಿನ ವಯಸ್ಸು ಎಂದು ಇನ್ನೊಂದು ಚೌಕವಿತ್ತು. ಅಲ್ಲಿ ಪೆನ್ನು ಸಣ್ಣದೊಂದು ಗೀಟು ಎಳೆದು, ಅವಳ ಅಮ್ಮನ ಸಾಲಿಗೆ ಹೋಯಿತು.