ಬಿದ್ದ ಕಥೆ ಕೇಳುವ ಐಸಕ್ಕ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯ ವ್ಯಾಯಾಮದ ಹಾಲ್‌ನಲ್ಲಿ ಇನ್ನೂ ಒಂದೇ ಟ್ಯೂಬ್‌ಲೈಟ್ ಉರಿಯುತ್ತಿದೆ. ನೀಲಿ ಚಾಪೆಗಳನ್ನೆಲ್ಲ ಒರೆಸಿ ಮುಗಿಸಿದ ಐವತ್ತೆರಡರ ಹೆಂಗಸೊಬ್ಬರು ಫ್ರೀಜರ್‌ನ ಬಾಗಿಲು ತೆಗೆದು ಐಸ್ ಪ್ಯಾಕ್‌ಗಳನ್ನು ಒಂದೊಂದಾಗಿ ಹೊರತೆಗೆಯುತ್ತಿದ್ದಾರೆ. ಪ್ರತಿಯೊಂದನ್ನೂ ಬೆರಳಿನಿಂದ ಒತ್ತಿ ನೋಡುತ್ತಾರೆ. ಮಂಡಿಯ ಸುತ್ತ ಬಾಗದೆ ಕಲ್ಲಿನಂತೆ ಕೂರುವ ಪ್ಯಾಕ್ ಅವರ ಪ್ರಕಾರ ಪ್ಯಾಕೇ ಅಲ್ಲ.

ಬಾಗಿಲ ಬಳಿಯ ಬೆಂಚಿನ ಮೇಲೆ ಆಗಲೇ ಒಬ್ಬರು ಬಂದು ಕೂತಿದ್ದಾರೆ. ಬಸ್ ಕಂಡಕ್ಟರ್. ವಯಸ್ಸು ನಲವತ್ತೊಂದು, ಇಬ್ಬರು ಹೆಣ್ಣುಮಕ್ಕಳ ತಾಯಿ. ಬಸ್ಸಿನ ಬಾಗಿಲಿನಿಂದ ಬಿದ್ದು ಮಂಡಿಯ ಲಿಗಮೆಂಟ್ ಹರಿದು ಶಸ್ತ್ರಚಿಕಿತ್ಸೆಯಾಗಿ ಒಂಬತ್ತು ತಿಂಗಳಾಯಿತು.

"ಐಸ್ ಕೊಡ್ಲಾ?"

"ಬೇಡ ಐಸಕ್ಕ. ಮಂಡಿ ತಣ್ಣಗಿದೆ. ತಲೆನೇ ಬಿಸಿಯಾಗಿರೋದು."

"ಹಾಗಾದ್ರೆ ತಲೆ ಮೇಲೇ ಇಡ್ತೀನಿ, ಬನ್ನಿ."

ಕಂಡಕ್ಟರ್ ನಗುತ್ತಾರೆ. ನಕ್ಕ ಮುಖ ಬೇಗನೆ ಮಂಕಾಗುತ್ತದೆ. ಇನ್ನು ಇಪ್ಪತ್ತು ದಿನಕ್ಕೆ ಅವರು ಡಿಪೋದ ವೈದ್ಯರ ಮುಂದೆ ಬಸ್ ಹತ್ತಿ, ಇಳಿದು ತೋರಿಸಬೇಕು. ಹತ್ತುವುದು ಕಷ್ಟವಲ್ಲ. ಇಳಿಯುವಾಗ ಆಪರೇಷನ್ ಆದ ಕಾಲು ಮುಂದಕ್ಕೆ ಬರುತ್ತದೆ, ಗಾಳಿಯಲ್ಲಿ ನಿಲ್ಲುತ್ತದೆ, ನೆಲ ಮುಟ್ಟುವುದಿಲ್ಲ. ಪಾಸಾಗದಿದ್ದರೆ ಬಸ್ಸಿನ ಕೆಲಸ ಹೋಗಿ ಡಿಪೋದ ಕೋಣೆಯಲ್ಲಿ ಕುರ್ಚಿಯೊಂದು ಸಿಗುತ್ತದೆ. ಹದಿನಾರು ವರ್ಷ ಬಸ್ಸಿನಲ್ಲಿ ನಿಂತೇ ಬದುಕಿದವರಿಗೆ ಆ ಕುರ್ಚಿ ಶಿಕ್ಷೆಯಂತೆ ಕಾಣುತ್ತದೆ.

ಐಸಕ್ಕ ವೈದ್ಯೆಯಲ್ಲ, ನರ್ಸ್ ಅಲ್ಲ, ಮನಃಶಾಸ್ತ್ರ ಓದಿದವರೂ ಅಲ್ಲ. ಹಾಜರಿ ಪುಸ್ತಕದಲ್ಲಿ ಅವರ ಹುದ್ದೆ 'ಶುಚಿತ್ವ ಸಹಾಯಕಿ'. ಹತ್ತೊಂಬತ್ತು ವರ್ಷಗಳ ಹಿಂದೆ ನೆಲ ಒರೆಸಲು ಸೇರಿದವರು, ಈಗಲೂ ಒರೆಸುತ್ತಾರೆ. ದಿನಕ್ಕೆ ಇಪ್ಪತ್ತಾರು ರೋಗಿಗಳು, ಅವರಲ್ಲಿ ಹತ್ತು ಹನ್ನೊಂದು ಮಂದಿ ಮಂಡಿಯವರು. ನಲವತ್ತು ಐಸ್ ಪ್ಯಾಕ್, ಒಬ್ಬೊಬ್ಬರಿಗೆ ಹದಿನೈದು ನಿಮಿಷ. ಐಸ್ ಕಟ್ಟಿದ ಮೇಲೆ ರೋಗಿ ಏಳುವಂತಿಲ್ಲ. ಅಷ್ಟರಲ್ಲಿ ಫಿಸಿಯೋಥೆರಪಿಸ್ಟ್ ಇನ್ನೊಬ್ಬರ ಕಡೆ ಹೋಗಿರುತ್ತಾರೆ. ಆ ಹದಿನೈದು ನಿಮಿಷ ಐಸಕ್ಕನದು.

"ಮೊದಲ ವಾರ ಕಾಲು ಮಾತೇ ಕೇಳಲ್ಲ," ಎನ್ನುತ್ತಾರೆ. "ತೊಡೆ ಮಲಗಿಬಿಟ್ಟಿರುತ್ತೆ. ಆರಡಿ ಆಳು, ಕಾಲು ಒಂದು ಗೇಣು ಏಳಲಿಲ್ಲ ಅಂತ ಟವೆಲ್‌ನಲ್ಲಿ ಮುಖ ಮುಚ್ಕೊಂಡು ಅಳ್ತಾರೆ. ನಾನು ನೋಡಿಲ್ಲ ಅನ್ನೋ ಹಾಗೆ ಚಾಪೆ ಒರೆಸ್ತೀನಿ. ಒರೆಸಿದ್ದನ್ನೇ ಮತ್ತೆ ಒರೆಸ್ತೀನಿ."

ಅತ್ತು ಮುಗಿದ ಮೇಲೆ ಐಸಕ್ಕ ಕೇಳುವುದು ಒಂದೇ ಪ್ರಶ್ನೆ: "ಹೇಗೆ ಬಿದ್ರಿ?" ಮಾರನೆಯ ದಿನವೂ ಅದೇ. ಮೊದಮೊದಲು ಜನಕ್ಕೆ ಮಂಡಿಯೊಳಗೆ ಕೇಳಿದ ಆ 'ಟಕ್' ಎಂಬ ಸದ್ದಿನ ಹತ್ತಿರ ಬಂದಾಗ ಧ್ವನಿ ನಡುಗುತ್ತದೆ. ಐದನೆಯ ಸಲಕ್ಕೆ ಕಥೆ ಚಿಕ್ಕದಾಗುತ್ತದೆ. "ಹತ್ತನೇ ಸಲಕ್ಕೆ, 'ಅಯ್ಯೋ ಐಸಕ್ಕ, ಎಷ್ಟು ಸಲ ಹೇಳಲಿ' ಅಂತ ರೇಗ್ತಾರೆ. ಬೇಜಾರು ಬಂತು ಅಂದ್ರೆ ಭಯ ಅರ್ಧ ಇಳೀತು ಅಂತ ಲೆಕ್ಕ."

ಈ ಕೇಳುವ ರೀತಿ ಒಂದು ತಪ್ಪಿನಿಂದ ಹುಟ್ಟಿದ್ದು. ಆರು ವರ್ಷದ ಹಿಂದೆ ವಾಲಿಬಾಲ್ ಆಡುವ ಕಾಲೇಜು ಹುಡುಗಿಯೊಬ್ಬಳು ಬರುತ್ತಿದ್ದಳು. ಅವಳಿಗೆ ಧೈರ್ಯ ಬರಲಿ ಎಂದು ಐಸಕ್ಕ, "ಪಕ್ಕದ ಚಾಪೆಯವರು ನಿನ್ನ ವಾರದಲ್ಲೇ ಆಪರೇಷನ್ ಆದವರು, ಆಗಲೇ ತೊಂಬತ್ತು ಡಿಗ್ರಿ ಮಡಿಸಿದ್ರು ನೋಡು," ಎಂದುಬಿಟ್ಟರು. ಹುಡುಗಿ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಬಲವಂತವಾಗಿ ಮಂಡಿ ಮಡಿಸಿದಳು. ಮಂಡಿ ಕುಂಬಳಕಾಯಿಯಾಯಿತು. ನೋವನ್ನು ಐದು ದಿನ ಯಾರಿಗೂ ಹೇಳಲಿಲ್ಲ, ನಾಚಿಕೆ. ಮೂರು ವಾರದ ಶ್ರಮ ನೀರುಪಾಲಾಯಿತು.

"ನಾನು ಒಳ್ಳೆ ಮಾತು ಅಂದ್ಕೊಂಡೇ ಆಡಿದ್ದು. ಅವತ್ತಿಂದ ಒಬ್ಬರ ಡಿಗ್ರಿ ಇನ್ನೊಬ್ಬರ ಕಿವಿಗೆ ಹಾಕಲ್ಲ. ಧೈರ್ಯ ಹೇಳೋದನ್ನೇ ಬಿಟ್ಟೆ. ಕೇಳೋದು ಕಲಿತೆ."

ಮನೆಯಲ್ಲಿ ಕೇಳುವ ಸರದಿ ಬೇರೆ ಥರ. ಗಂಡ ಹೊಲಿಗೆ ಅಂಗಡಿಯವರು, ಮಿಷನ್ ಮುಂದೆ ಕೂತರೆ ಮಾತಿಲ್ಲ. ಅವರ ಪಾಲಿನದನ್ನೂ ಎಂಬತ್ತರ ಅತ್ತೆ ಆಡುತ್ತಾರೆ. "ಊರವರ ಕಾಲೆಲ್ಲ ನೆಟ್ಟಗೆ ಮಾಡ್ತಾಳೆ ನಮ್ಮ ಸೊಸೆ, ನನ್ನ ಕಾಲು ಮಾತ್ರ ಕಾಣಿಸಲ್ಲ." ಐಸಕ್ಕ ಸ್ಟೂಲು ಎಳೆದು ಕೂತು ಅತ್ತೆಯ ಕಾಲು ಒತ್ತುತ್ತಾರೆ. ದಿನಕ್ಕೆ ಹತ್ತು ಗಂಟೆ ನಿಂತು ಐಸಕ್ಕನ ಕಾಲಲ್ಲೇ ನರಗಳು ಹಗ್ಗದಂತೆ ಉಬ್ಬಿವೆ. ಅದನ್ನು ಯಾರೂ ಕೇಳಿಲ್ಲ, ಅವರೂ ಹೇಳಿಲ್ಲ.

ಹೊಸದಾಗಿ ಬಂದಾಗ ಯುವ ಫಿಸಿಯೋಥೆರಪಿಸ್ಟ್, "ರೋಗಿಗಳ ಹತ್ತಿರ ಹರಟೆ ಬೇಡ," ಎಂದು ಗದರಿದ್ದರು. ಈಗ ಅವರೇ, "ಮಂಡಿ ನನ್ನ ಪಾಲು, ತಲೆ ನಿಮ್ಮ ಪಾಲು," ಎಂದು ನಗುತ್ತಾರೆ. ಕಂಡಕ್ಟರ್ ವಿಷಯದಲ್ಲೂ ಅವರು ಹೇಳಿದ್ದು ಅದನ್ನೇ. ಮಂಡಿ ಗಟ್ಟಿಯಾಗಿದೆ, ತೊಡೆಗೆ ಬಲ ಬಂದಿದೆ, ಪರೀಕ್ಷೆಗಳೆಲ್ಲ ಸರಿಯಾಗಿವೆ. ಉಳಿದದ್ದು ಆ ಒಂದು ಮೆಟ್ಟಿಲು.

ವಿಚಿತ್ರವೆಂದರೆ, ಹತ್ತಲ್ಲ, ಮೂವತ್ತು ಸಲ ಹೇಳಿದರೂ ಕಂಡಕ್ಟರ್ ಕಥೆ ಸವೆಯಲಿಲ್ಲ. ಪ್ರತಿ ಸಲ ಅದೇ ಜಾಗದಲ್ಲಿ ಅವರ ಕೈ ಬೆವರುತ್ತದೆ. ಆ ಬೆಳಿಗ್ಗೆ ಐಸಕ್ಕ ಪ್ಯಾಕ್‌ಗಳನ್ನು ಬದಿಗಿಟ್ಟು ಪಕ್ಕದಲ್ಲಿ ಕೂರುತ್ತಾರೆ.

"ಒಂದಿನ ಡ್ರೈವರ್ ಗಕ್ಕಂತ ಬ್ರೇಕ್ ಹಾಕಿದ ಅಂತೀರಿ. ಇನ್ನೊಂದಿನ ನೀವು ಇಳಿಯೋ ಮೊದಲೇ ಬಸ್ ಬಿಟ್ಟ ಅಂತೀರಿ. ಬಸ್ ನಿಂತಿತ್ತಾ, ಹೊರಟಿತ್ತಾ?"

ಕಂಡಕ್ಟರ್ ನೆಲ ನೋಡುತ್ತಾರೆ.

"ಇನ್ನೂ ನಿಂತಿರಲಿಲ್ಲ ಅಕ್ಕ. ನಾನೇ ಹಾರಿದೆ. ಹದಿನಾರು ವರ್ಷ ಹಾಗೇ ಹಾರ್ತಿದ್ದೆ, ಅದೇ ನನ್ನ ಗತ್ತು. ಬಿದ್ದ ಮೇಲೆ ಎಲ್ಲರೂ ಕೇಳಿದ್ರು, ಬ್ರೇಕ್ ಅಂದುಬಿಟ್ಟೆ. ಡ್ರೈವರಣ್ಣನಿಗೆ ನೋಟಿಸ್ ಬಂತು. ಆ ಪುಣ್ಯಾತ್ಮ ಒಂದು ಮಾತಾಡಲಿಲ್ಲ, ಆಸ್ಪತ್ರೆಗೆ ಕಿತ್ತಳೆ ತಂದುಕೊಟ್ಟ."

ಹಳೆಯ ಐಸಕ್ಕನಾಗಿದ್ದರೆ, 'ಬಿಡಿ, ಆಗಿದ್ದು ಆಗಿಹೋಯ್ತು' ಎನ್ನುತ್ತಿದ್ದರು. ಈಗ, "ಅವರಿಗೆ ಯಾವತ್ತು ಹೇಳ್ತೀರಿ?" ಎಂದು ಮಾತ್ರ ಕೇಳುತ್ತಾರೆ.

ಮೂರನೆಯ ದಿನ ಕಂಡಕ್ಟರ್ ಡಿಪೋಗೆ ಹೋಗಿ ನಿಜವನ್ನು ಬರೆದುಕೊಟ್ಟು ಬರುತ್ತಾರೆ. ಡ್ರೈವರ್ ಹೆಸರಿನ ನೋಟಿಸ್ ರದ್ದಾಗಿ ಕಂಡಕ್ಟರ್ ಹೆಸರಿಗೇ ಒಂದು ಬರುತ್ತದೆ. ಡ್ರೈವರ್ ಏನಂದರು ಎಂದು ಐಸಕ್ಕ ಕೇಳಿದರೆ, ಕಂಡಕ್ಟರ್ ಅಳುತ್ತಲೇ ನಗುತ್ತಾರೆ. "'ನನಗೆ ಅವತ್ತೇ ಗೊತ್ತಿತ್ತು ತಾಯಿ, ಬ್ರೇಕ್ ಮೇಲಿದ್ದಿದ್ದು ನನ್ನ ಕಾಲಲ್ವಾ' ಅಂದ್ರು."

ಅಷ್ಟಕ್ಕೇ ಕಾಲು ಇಳಿಯಿತೇ? "ಸಿನಿಮಾನಾ ಇದು?" ಎನ್ನುತ್ತಾರೆ ಐಸಕ್ಕ. ಮರುದಿನವೂ ಕಾಲು ಗಾಳಿಯಲ್ಲೇ ನಿಂತಿತು. ಆದರೆ ಕಥೆ ಸವೆಯತೊಡಗಿತು. ಫಿಸಿಯೋಥೆರಪಿಸ್ಟ್ ಪಕ್ಕದಲ್ಲಿ ನಿಂತು ಮರದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಡಿಸಿದರು. ಮೊದಲು ನಾಲ್ಕಿಂಚು, ಆಮೇಲೆ ಎಂಟು. ಹದಿನೈದನೆಯ ದಿನ ಬಸ್ಸಿನ ಮೆಟ್ಟಿಲಿನಷ್ಟೇ ಎತ್ತರ. ಆ ದಿನ ಕಾಲು ನೆಲ ಮುಟ್ಟಿತು, ಕಣ್ಣು ಮಾತ್ರ ಕಾಲಿನ ಮೇಲೇ ಇತ್ತು. ಡಿಪೋದ ವೈದ್ಯರ ಮುಂದೆಯೂ ಕಂಡಕ್ಟರ್ ಕಾಲನ್ನು ನೋಡುತ್ತಲೇ ಐದು ಸಲ ಇಳಿದರಂತೆ. ವೈದ್ಯರು ಪಾಸು ಮಾಡಿದರು. ಸುದ್ದಿ ಬಂದದ್ದು ಫಿಸಿಯೋಥೆರಪಿಸ್ಟ್ ಫೋನಿಗೆ.

ಐಸಕ್ಕನಿಗೆ ಅಷ್ಟು ಸಾಲಲಿಲ್ಲ. "ಪಾಸಾಗೋದು ಬೇರೆ, ವಾಸಿಯಾಗೋದು ಬೇರೆ. ಕಾಲನ್ನ ನೋಡ್ಕೊಂಡು ಇಳಿಯೋರು ಇನ್ನೂ ವಾಸಿಯಾಗಿಲ್ಲ."

ಕಳೆದ ವಾರ ಅವರು ಕೆಲಸ ಮುಗಿಸಿ ಕಂಡಕ್ಟರ್ ಓಡಾಡುವ ಮಾರ್ಗದ ಬಸ್ ನಿಲ್ದಾಣಕ್ಕೆ ಹೋದರು. ಮೂರು ಬಸ್ ಬಿಟ್ಟರು. ನಾಲ್ಕನೆಯದು ಬಂದು ಪೂರ್ತಿ ನಿಂತಿತು. ಬಾಗಿಲಲ್ಲಿ ನಿಂತ ಕಂಡಕ್ಟರ್, ಕೆಳಗೆ ನೂಕಾಡುತ್ತಿದ್ದವರಿಗೆ, "ಇಳಿಯೋರಿಗೆ ದಾರಿ ಬಿಡ್ರಪ್ಪ, ಬಸ್ಸೇನು ಓಡಿಹೋಗುತ್ತಾ!" ಎಂದು ದಬಾಯಿಸುತ್ತಲೇ ಕೆಳಗಿಳಿದರು. ಯಾವ ಕಾಲು ಮೊದಲು ನೆಲ ಮುಟ್ಟಿತೆಂದು ಅವರು ನೋಡಲಿಲ್ಲ. ಐಸಕ್ಕ ನೋಡಿದರು. ನೋಡಿ, ನಿಲ್ದಾಣದ ಕಂಬದ ಹಿಂದೆ ಸರಿದು ನಿಂತರು. ಬಸ್ ಹೋದ ಮೇಲೆ ಮನೆಗೆ ನಡೆದೇ ಹೋದರು.

ಒಂದು ಮಾತಾದರೂ ಆಡಬಹುದಿತ್ತಲ್ಲ ಎಂದರೆ, ಐಸಕ್ಕ ಒದ್ದೆ ಕೈಯನ್ನು ಏಪ್ರನ್‌ಗೆ ಒರೆಸಿಕೊಳ್ಳುತ್ತಾರೆ.

"ನನ್ನ ಮುಖ ಕಂಡ್ರೆ ಅವರಿಗೆ ಕಾಲು ನೆನಪಾಗುತ್ತೆ. ಪಾಪ, ಮರೆತು ಆರಾಮಾಗಿದ್ರು. ನಾನ್ಯಾಕೆ ಹೋಗಿ ಕೆಡಿಸಲಿ?"