ಕನ್ನಡಕದ ಟ್ರಂಕಿಗೊಂದು ಅರ್ಜಿ

ಯಾರದೋ ಮದುವೆಗೆ ಹೋಗಬೇಕಿತ್ತು. ರೇಷ್ಮೆ ಮಗುಟ ತೆಗೆಯೋಣವೆಂದು ಮೊನ್ನೆ ಬೆಳಿಗ್ಗೆ ಟ್ರಂಕಿನ ಮುಚ್ಚಳ ಎತ್ತಿದೆ; ಡಾಂಬರು ಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಈ ವಾಸನೆಗೆ ಉಳಿದವರಿಗೆ ಅಜ್ಜಿಯ ಸೀರೆಯೋ ಅಪ್ಪನ ಕೋಟೋ ನೆನಪಾಗಬಹುದು. ನನಗೆ ಕನ್ನಡಕಗಳು ನೆನಪಾಗುತ್ತವೆ. ಒಂದೆರಡಲ್ಲ, ಒಂದು ಟ್ರಂಕಿನ ತುಂಬ ಕನ್ನಡಕಗಳು. ನಿಮಗೆ ನಗು ಬಂದರೆ ನಗಿ, ನಾನೇನೂ ಅಂದುಕೊಳ್ಳುವುದಿಲ್ಲ. ಆ ಟ್ರಂಕನ್ನು ನೋಡಿ ನಗದೆ ಇದ್ದವಳು ಅದರ ಒಡತಿ ಒಬ್ಬಳೇ.

ಒಡತಿ ಎಂದರೆ ನನ್ನ ದೊಡ್ಡಪ್ಪನ ಮಗಳು ಸುಶೀಲಕ್ಕ. ಆಂಧ್ರಕ್ಕೆ ಸೇರಿದ, ಆದವಾನಿ ಕಡೆಯ ಆಲೂರಿನಲ್ಲಿ ಕನ್ನಡ ಶಾಲೆಯ ಟೀಚರಾಗಿದ್ದು ನಿವೃತ್ತಳಾದವಳು. ನಿವೃತ್ತರಾದ ಮೇಲೆ ಜನ ತೀರ್ಥಯಾತ್ರೆ ಮಾಡುತ್ತಾರೆ, ಇಲ್ಲವೇ ಸೊಸೆ ಮಾಡಿದ ಸಾರಿಗೆ ಹೆಸರಿಡುತ್ತಾರೆ. ಅಕ್ಕ ಹಳೆಯ ಕನ್ನಡಕ ಕೂಡಿಸತೊಡಗಿದಳು. ಯಾರಾದರೂ ಹಿರಿಯರು ತೀರಿಕೊಂಡ ಮನೆಗೆ ಸಮಾರಾಧನೆಗೆ ಹೋದರೆ, ಊಟ ಮುಗಿಸಿ, ಕೈ ಒರೆಸಿಕೊಂಡು, ದನಿ ತಗ್ಗಿಸಿ, "ಅವರ ಕನ್ನಡಕ ಏನ್ ಮಾಡಿದ್ರಿ?" ಎಂದು ಕೇಳುವಳು. ಬದುಕಿರುವ ಮುದುಕರು ಆಕೆಯನ್ನು ಕಂಡರೆ ತಮ್ಮ ಕನ್ನಡಕ ಮುಟ್ಟಿ ನೋಡಿಕೊಳ್ಳುವಂತಾಯಿತು. ಕೂಡಿಸಿದ್ದನ್ನೆಲ್ಲ ಟ್ರಂಕಿನಲ್ಲಿಟ್ಟು ಡಾಂಬರು ಗುಳಿಗೆ ಹಾಕುವಳು.

"ಕನ್ನಡಕಕ್ಕ ಎಂಥಾ ನುಸಿ ಹತ್ತತೈತಕ್ಕಾ?" ಎಂದು ಕೇಳಿದ್ದೆ.

"ಇಲ್ಲೀತನ ಹತ್ತೇತೇನು? ಗುಳಿಗಿ ಹಾಕಿದ್ದಕ್ಕ ಹತ್ತಿಲ್ಲ," ಎಂದಳು. ಟೀಚರ ಹತ್ತಿರ ವಾದ ಮಾಡಬಾರದು.

ಸಂತೆಯ ದಿನ ಆ ಟ್ರಂಕು ಜಗಲಿಗೆ ಬರುತ್ತಿತ್ತು. ಸುತ್ತಲ ಹಳ್ಳಿಗಳ ಮುದುಕ ಮುದುಕಿಯರು ಬಂದು, ಬದನೆಕಾಯಿ ಆರಿಸಿದಂತೆ ಕನ್ನಡಕ ಆರಿಸುವರು. ಪಕ್ಕದಲ್ಲೊಂದು ಮೊರ, ಮೊರದಲ್ಲಿ ಅಕ್ಕಿ, ಅಕ್ಕಿಯಲ್ಲಿ ಅಕ್ಕನೇ ಬೆರೆಸಿದ ಕಲ್ಲು. ಯಾವ ಕನ್ನಡಕ ಹಾಕಿದರೆ ಕಲ್ಲು ಸಿಗುತ್ತದೋ ಅದು ನಿಮ್ಮದು. ಚೌಕಟ್ಟಿನ ಚೆಂದ ನೋಡುವ ಹಾಗಿಲ್ಲ. ಕುರಿ ಹಿಂಡಿನ ಯಜಮಾನ, ಹುರಿಮೀಸೆಯ ನಿಂಗಣ್ಣನ ಕಣ್ಣಿಗೆ ಹೊಂದಿದ್ದು ಯಾವುದೋ ಕಾಲೇಜು ಹುಡುಗಿಯ ಗುಲಾಬಿ ಬಣ್ಣದ ಕನ್ನಡಕ, ಕಿವಿಯ ಹತ್ತಿರ ಚಿಟ್ಟೆ ಬೇರೆ. ಆತ ಅದನ್ನೇ ಹಾಕಿಕೊಂಡು ಕುರಿ ಕಾಯುತ್ತಿದ್ದ. ನಾವು ಮೂವರೂ ಸೇರಿ ಒಂದು ಸಂಘವನ್ನೂ ಕಟ್ಟಿದ್ದೆವು: ಅಕ್ಕ ಅಧ್ಯಕ್ಷೆ, ನಿಂಗಣ್ಣ ಉಪಾಧ್ಯಕ್ಷ, ನಾನು ಕಾರ್ಯದರ್ಶಿ. ಆದವಾನಿಯ ಆಫೀಸೊಂದರಲ್ಲಿ ಜೀವಮಾನವೆಲ್ಲ ಇಂಗ್ಲಿಷಿನಲ್ಲಿ ರಜೆ ಅರ್ಜಿ ಬರೆದ ಅನುಭವವೇ ನನ್ನ ಅರ್ಹತೆ.

ಆ ಟ್ರಂಕಿನಲ್ಲಿ ಯಾವುದೂ ಹೊಂದದೇ ಹೋದದ್ದು ನಿಂಗಣ್ಣನ ಹೆಂಡತಿ ಈರಮ್ಮನಿಗೆ. ಈರಮ್ಮ ಕೌದಿ ಹೊಲಿಯುವಾಕೆ. ಹಳೆಯ ಸೀರೆ ಪಂಚೆಗಳನ್ನು ಒಂದರ ಮೇಲೊಂದು ಹಾಸಿ, ಆಕೆ ದಾರದ ಸಾಲು ಎಳೆದರೆ ಬಿತ್ತಿದ ಹೊಲದಂತೆ ನೆಟ್ಟಗೆ ಬರುತ್ತಿತ್ತು. ಬಾಣಂತಿ ಇರುವ ಮನೆಗೆ ಈರಮ್ಮನ ಕೌದಿ ಬರಲೇಬೇಕು. ಕೆಲವು ವರ್ಷಗಳಿಂದ ಆ ಸಾಲುಗಳು ಅತ್ತಿತ್ತ ಅಲೆಯತೊಡಗಿದ್ದವು. ಸೂಜಿಗೆ ದಾರ ಪೋಣಿಸುವುದನ್ನು ಆಕೆ ನಾಲಿಗೆಯ ಅಂದಾಜಿನಲ್ಲೇ ಮಾಡುತ್ತಿದ್ದಳು. ಯಾರಾದರೂ ಕೇಳಿದರೆ, "ಈಗ ಹಿಂಗ ಫ್ಯಾಷನ್ ಐತಿ," ಎನ್ನುವಳು. ಆದವಾನಿಗೆ ಬಾ, ಕಣ್ಣು ತೋರಿಸೋಣ ಎಂದರೆ ಸಿಟ್ಟು. "ನಾನೇನು ಕುರುಡೀನಾ? ಊರಾಗ ಎಲ್ಲಾರೂ ತೋರಿಸಿಕೊಂಡ್ರ ನಾನೂ ತೋರಿಸಿಕೊಂತೀನಿ. ನಾನೊಬ್ಬಾಕಿ ಯಾಕ ಹೋಗಲಿ?"

ಊರಲ್ಲಿ ಎಲ್ಲರೂ ತೋರಿಸಿಕೊಳ್ಳಬೇಕಾದರೆ ಡಾಕ್ಟರೇ ಊರಿಗೆ ಬರಬೇಕು, ಹೊಸ ಕನ್ನಡಕವೂ ಅವರ ಹಿಂದೆಯೇ ಬರಬೇಕು. ಅದು ಟ್ರಂಕಿನಿಂದ ಆಗುವ ಕೆಲಸವಲ್ಲ. ನಾವು ಅರ್ಜಿ ಹಾಕುವುದೆಂದು ತೀರ್ಮಾನವಾಯಿತು.

ಆದವಾನಿಯಲ್ಲಿ ಹಿಂದೆ ಹತ್ತಿ ಮಿಲ್ಲು ನಡೆಸುತ್ತಿದ್ದ ಒಂದು ಕುಟುಂಬ ಈಗ ಹೈದರಾಬಾದಿನಲ್ಲಿದೆ. ಅಜ್ಜಿಯ ಹೆಸರಿನಲ್ಲಿ ಅವರದೊಂದು ಟ್ರಸ್ಟು. ತಮ್ಮ ಕಡೆಯ ಊರುಗಳ ಸಣ್ಣಪುಟ್ಟ ಸಂಘಗಳಿಗೆ ಸಹಾಯ ಮಾಡುತ್ತಾರೆ. ಸರ್ಕಾರಕ್ಕೆ ಅರ್ಜಿ ಹಾಕುವವನಿಗೆ ನಿಯಮ ಗೊತ್ತಿದ್ದರೆ ಸಾಕು. ಮನೆತನದ ಟ್ರಸ್ಟಿಗೆ ಹಾಕುವವನಿಗೆ ಆ ಮನೆಯಲ್ಲಿ ಅತ್ತೆಯ ಮಾತು ನಡೆಯುತ್ತದೋ ಸೊಸೆಯ ಮಾತೋ ಗೊತ್ತಿರಬೇಕು. ನಮಗೆ ಗೊತ್ತಿರಲಿಲ್ಲ. ಆದ್ದರಿಂದ ಅರ್ಜಿಯನ್ನು ಇಬ್ಬರಿಗೂ ಒಪ್ಪುವಂತೆ ಬರೆಯಬೇಕೆಂದು ಅಕ್ಕನ ಅಪ್ಪಣೆಯಾಯಿತು.

ಅರ್ಜಿಯ ನಮೂನೆ ಇಂಗ್ಲಿಷಿನಲ್ಲಿತ್ತು. ನಾನು ಒಂದೊಂದೇ ಪ್ರಶ್ನೆ ಓದಿ ಕನ್ನಡದಲ್ಲಿ ಹೇಳುವುದು, ಅವರಿಬ್ಬರು ಉತ್ತರ ಕೊಡುವುದು. "ನಿಮ್ಮ ಸಂಸ್ಥೆಯ ದೂರದೃಷ್ಟಿ ಏನು?" ಎಂದು ಕೇಳಿದೆ.

ನಿಂಗಣ್ಣ ಚಿಟ್ಟೆಯನ್ನು ಸರಿಪಡಿಸಿಕೊಂಡು, "ದೂರದ್ದು ಚಲೋ ಕಾಣತೈತಿ, ಹತ್ತಿರದ್ದ ಕಾಣಂಗಿಲ್ಲ, ಹಂಗ ಬರೀರಿ ಆಚಾರ್ರ," ಎಂದ.

ನಮ್ಮ ಕೆಲಸದಿಂದ ಸಮಾಜದಲ್ಲಿ ಆಗುವ ಬದಲಾವಣೆ ಏನು ಎಂಬ ಪ್ರಶ್ನೆಗೆ, "ಅನ್ನದಾಗ ಕಲ್ಲು ಕಡಿಮಿ ಆಗತಾವು," ಎಂದಳು ಅಕ್ಕ. ನಾನು ಎಲ್ಲವನ್ನೂ ದೊಡ್ಡ ದೊಡ್ಡ ಇಂಗ್ಲಿಷ್ ಮಾತುಗಳಲ್ಲಿ ಅದ್ದಿ ತೆಗೆದೆ. ಓದಿಕೊಂಡಾಗ ನನಗೇ ನಾವು ಮೂವರೂ ಮಹಾತ್ಮರೆನ್ನಿಸಿತು.

ಕೆಲವು ತಿಂಗಳ ನಂತರ ಫೋನು ಬಂತು. ಟ್ರಸ್ಟಿನ ಹಿರಿಯರು, ಎಲ್ಲರೂ ಅಮ್ಮಗಾರು ಎನ್ನುವಾಕೆ, ಸೊಸೆಯ ಜೊತೆಗೆ ತಾವೇ ನೋಡಲು ಬರುತ್ತಾರಂತೆ. ನಾನು ಆಲೂರಿಗೆ ಹೋಗಿ ಎಲ್ಲರನ್ನೂ ಕೂಡಿಸಿ ಕೈಮುಗಿದು ಹೇಳಿದೆ: ಶೃಂಗಾರ ಬೇಡ, ಹಾರ ಬೇಡ, ಇದ್ದದ್ದು ಇದ್ದ ಹಾಗೆ ಕಾಣಲಿ. ಗೋಡೆಗೆ ಕಣ್ಣಿನ ಪರೀಕ್ಷೆಯ ಕಾಗದ ಅಂಟಿಸುತ್ತೇವೆ. ಅದರಲ್ಲಿ ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳಿವೆ, ಮೇಲೆ ದೊಡ್ಡವು, ಕೆಳಗಿಳಿದಂತೆ ಸಣ್ಣವು. ಹಲ್ಲು ಯಾವ ಕಡೆಗಿದೆಯೆಂದು ಕೈಯಲ್ಲಿ ತೋರಿಸಿ. ಕಾಣದಿದ್ದರೆ ಕಾಣಲಿಲ್ಲ ಎನ್ನಿ, ಅಷ್ಟೇ.

"ಆತ್ರಿ ಆಚಾರ್ರ," ಎಂದರು ಎಲ್ಲರೂ. ಅಷ್ಟು ಸುಲಭವಾಗಿ ಒಪ್ಪಿದಾಗಲೇ ನನಗೆ ಸಂಶಯ ಬರಬೇಕಿತ್ತು.

ಅಮ್ಮಗಾರು ಬಂದ ದಿನ ನಾನೂ ಅವರ ಕಾರಿನಲ್ಲೇ ಆದವಾನಿಯಿಂದ ಹೋದೆ. ಅಕ್ಕನ ಬೀದಿಯಲ್ಲಿ ಇಳಿದರೆ ಬಾಗಿಲಿಗೆ ತೋರಣ, ಅಂಗಳದ ತುಂಬ ರಂಗೋಲಿ. ಮುರುಕು ಕನ್ನಡಕದ ಬಡ ಮುದುಕರೆಂದು ನಾನು ಅರ್ಜಿಯಲ್ಲಿ ಬಣ್ಣಿಸಿದ್ದವರೆಲ್ಲ ಇಸ್ತ್ರಿ ಮಾಡಿದ ಪಂಚೆಯಲ್ಲಿ, ರೇಷ್ಮೆ ಸೀರೆಯಲ್ಲಿ, ನೆರೆಮನೆಯ ಬಂಗಾರದಲ್ಲಿ ಮಿರಿಮಿರಿ ಮಿಂಚುತ್ತ ಕೂತಿದ್ದರು. ಉಗ್ಗಾಣಿ, ಬಜ್ಜಿ, ಹೋಳಿಗೆ. ನಿಂಗಣ್ಣ ತನ್ನ ಟಗರಿಗೂ ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಗೋಡೆಯ ಪಕ್ಕ ಕಟ್ಟಿಹಾಕಿದ್ದ. ಅಮ್ಮಗಾರಿಗೆ ಕೂರಲು ಜಗಲಿಯ ಮೇಲೆ ಒಂದು ಕೌದಿ ಹಾಸಿತ್ತು.

ಪರೀಕ್ಷೆ ಶುರುವಾಯಿತು. ಮೊದಲು ಬಂದ ಮುದುಕಪ್ಪ ನೆಲಕ್ಕೆ ಎಳೆದ ಗೆರೆಯ ಮೇಲೆ ನಿಂತು ಬಲಕ್ಕೆ, ಮೇಲಕ್ಕೆ, ಎಡಕ್ಕೆ, ಕೆಳಕ್ಕೆ ಎಂದು ಟಕಟಕನೆ ಕೈ ಮಾಡಿ, ನನಗೇ ಕಾಣದ ಕೊನೆಯ ಸಾಲಿನವರೆಗೆ ಮುಗಿಸಿ, ನಮಸ್ಕಾರ ಮಾಡಿ ಕೂತ. ಎರಡನೆಯವಳೂ ಹಾಗೆಯೇ. ಮೂರನೆಯವನಂತೂ ಕೋಲಾಟದ ಲಯದಲ್ಲಿ ಸೊಂಟವನ್ನೂ ಬಳುಕಿಸಿದ. ಸೊಸೆ ತನ್ನ ಟ್ಯಾಬಿನಲ್ಲಿ ಬರೆದುಕೊಳ್ಳುತ್ತ, "ಎಲ್ಲರ ದೃಷ್ಟಿ ಬಹಳ ಚೆನ್ನಾಗಿದೆಯಲ್ಲ," ಎಂದಳು. ನಾನು ನಿಂಗಣ್ಣನನ್ನು ಮೂಲೆಗೆಳೆದೆ.

"ಏನೋ ಇದು?"

"ವಾರದಿಂದ ಕಲಿಸೀನ್ರಿ ಆಚಾರ್ರ. ಎಲ್ಲಾರಿಗೂ ಬಾಯಿಪಾಠ ಐತಿ. ದೊಡ್ಡ ಮಂದಿ ಮುಂದ ನಮ್ಮೂರೋರು ಫೇಲ್ ಆಗತಾರೇನ್ರಿ?" ಎಂದ ಉಪಾಧ್ಯಕ್ಷ, ಹೆಮ್ಮೆಯಿಂದ.

ಅಕ್ಕನ ಮುಖ ನೋಡಲಾಗಲಿಲ್ಲ. ಇಷ್ಟು ಚೆನ್ನಾಗಿ ಕಾಣುವವರಿಗೆ ಕನ್ನಡಕವೇಕೆ, ಕನ್ನಡಕ ಬೇಡದ ಊರಿಗೆ ಡಾಕ್ಟರೇಕೆ? ಈರಮ್ಮ ಇನ್ನು ನಾಲಿಗೆಯಿಂದಲೇ ದಾರ ಪೋಣಿಸಬೇಕು. ಅಷ್ಟರಲ್ಲಿ ಮಜ್ಜಿಗೆ ಬಂತು. ಅತಿಥಿಗಳಿಗೆ ಕೊಡುವ, ಅವರು ಬೇಡವೆನ್ನುವ, ನಾವು ಬಿಡದಿರುವ ಗದ್ದಲದಲ್ಲಿ ಗೋಡೆಯ ಕಡೆ ಯಾರ ಗಮನವೂ ಇರಲಿಲ್ಲ. ಕಾಗದವನ್ನು ಅಕ್ಕ ಜೋಳದ ಹಿಟ್ಟಿನ ಅಂಟಿನಿಂದ ಅಂಟಿಸಿದ್ದಳು. ಹಸಿದ ಟಗರಿಗೆ ಅದು ರೊಟ್ಟಿಯೇ. ಪರಪರ ಸದ್ದಿಗೆ ತಿರುಗಿ ನೋಡಿದಾಗ ಅದು ಕೊನೆಯ ಚೂರನ್ನು ಕಣ್ಣು ಮುಚ್ಚಿ ಜಗಿಯುತ್ತಿತ್ತು.

ಸರಿಯಾಗಿ ಅದೇ ಹೊತ್ತಿಗೆ, ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದ ಈರಮ್ಮ ತನ್ನ ಸರದಿಗೆಂದು ಹೊರಗೆ ಬಂದಳು. ಸೆರಗು ಸರಿಮಾಡಿಕೊಂಡು, ಗೆರೆಯ ಮೇಲೆ ನಿಂತು, ಗೋಡೆಯತ್ತ ಮುಖ ಮಾಡಿದಳು. ನಾನು ಬಾಯಿ ತೆರೆಯುವ ಮೊದಲೇ ಕೈ ಎತ್ತಿಬಿಟ್ಟಳು. ಬಲಕ್ಕೆ, ಮೇಲಕ್ಕೆ, ಎಡಕ್ಕೆ, ಕೆಳಕ್ಕೆ. ಬರೀ ಸುಣ್ಣದ ಗೋಡೆಯನ್ನು ಆಕೆ ಒಂದೂ ತಪ್ಪಿಲ್ಲದೆ ಓದಿದಳು. ಸಾಲು ಕೆಳಗಿಳಿದಂತೆ, ಗುರುತು ಸಣ್ಣದಾಯಿತೆಂದು ತೋರಿಸಲು ಕಣ್ಣನ್ನೂ ಸ್ವಲ್ಪ ಕಿರಿದು ಮಾಡಿದಳು.

ಅಮ್ಮಗಾರು ಎದ್ದು ಹತ್ತಿರ ಬಂದರು. "ಏಮ್ಮಾ, ಗೋಡ ಮೀದ ಏಮುಂದಿ?" ಗೋಡೆಯ ಮೇಲೆ ಏನಿದೆಯೆಂದು ತೆಲುಗಿನಲ್ಲಿ ಕೇಳಿದರು.

"ಬಾಚಣಿಗಿ ಅದಾವಲ್ಲರೀ," ಎಂದಳು ಈರಮ್ಮ.

ಅಂಗಳಕ್ಕೆ ಅಂಗಳವೇ ನಕ್ಕಿತು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಆದರೆ ಈರಮ್ಮ ನಗಲಿಲ್ಲ. ಯಾರು ಯಾಕೆ ನಗುತ್ತಿದ್ದಾರೆಂದು ತಿಳಿಯದೆ, ಎತ್ತಿದ ಕೈ ಎತ್ತಿದಂತೆಯೇ, ಮುಖಗಳನ್ನು ಒಂದೊಂದಾಗಿ ಹುಡುಕುತ್ತ ನಿಂತಳು. ಆ ಕೈ ಕಂಡು ನಗು ನಿಲ್ಲಿಸಿದೆ. ತುಂಬ ನಾಚಿಕೆಯಾಯಿತು.

ಅಮ್ಮಗಾರು ಆ ಕೈಯನ್ನು ಹಿಡಿದುಕೊಂಡು ಜಗಲಿಗೆ ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡರು. ಅವರೂ ಆದವಾನಿಯಲ್ಲಿ ಬೆಳೆದವರೇ, ಕನ್ನಡ ಎಲ್ಲಿ ಹೋದೀತು. "ನಾನೂ ಹಿಂಗ ಮಾಡೀನಮ್ಮಾ. ಆಪರೇಶನ್ ಆಗೋತನಕ ಟ್ರಸ್ಟಿನ ಕಾಗದದಾಗ ಒಂದಕ್ಷರ ಕಾಣತಿರಲಿಲ್ಲ. ಸೊಸಿ ಬೆರಳಿಟ್ಟಲ್ಲಿ ಸಹಿ ಹಾಕತಿದ್ದೆ. ಕಾಣಂಗಿಲ್ಲ ಅಂತ ಆಕಿ ಮುಂದ ಹೆಂಗ ಹೇಳೋದು?"

ಟ್ಯಾಬು ಹಿಡಿದ ಸೊಸೆ, "ಅತ್ತಯ್ಯಾ!" ಎಂದಳು.

ಅಮ್ಮಗಾರು ತಮ್ಮ ಕನ್ನಡಕ ತೆಗೆದು ಈರಮ್ಮನ ಮೂಗಿನ ಮೇಲಿಟ್ಟರು. ಟ್ರಂಕಿನಲ್ಲಿ ಯಾವುದೂ ಹೊಂದದ ಆ ಕಣ್ಣಿಗೆ ಅದು ಅರ್ಧಕ್ಕರ್ಧ ಹೊಂದಿರಬೇಕು. ಈರಮ್ಮ ಗೋಡೆ ನೋಡಲಿಲ್ಲ, ಗಂಡನನ್ನೂ ನೋಡಲಿಲ್ಲ. ತಾನು ಕೂತಿದ್ದ ಕೌದಿಯನ್ನು ನೋಡಿದಳು. ಬಗ್ಗಿ, ದಾರದ ಸಾಲಿನ ಮೇಲೆ ಬೆರಳಾಡಿಸಿದಳು. ಹುಬ್ಬು ಗಂಟಾಯಿತು.

"ಇದನ್ನ ಯಾವಾಕಿ ಹೊಲದಾಳ? ಒಂದ ಹೊಲಿಗೀನೂ ನೆಟ್ಟಗಿಲ್ಲ!"

ನಿಂಗಣ್ಣ ಗುಲಾಬಿ ಕನ್ನಡಕವನ್ನು ಕೈಗೆ ತೆಗೆದುಕೊಂಡು ಒರೆಸುತ್ತ, ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ, "ಈಗ ಹಿಂಗ ಫ್ಯಾಷನ್ ಐತಲ್ಲ," ಎಂದ. ಈರಮ್ಮನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಸಹಾಯ ಮಂಜೂರಾಯಿತು. ಒಂದೇ ಷರತ್ತು: ಪರೀಕ್ಷೆಯ ಕಾಗದವನ್ನು ಟಗರಿಗೆ ಎಟುಕದ ಎತ್ತರದಲ್ಲಿ ಅಂಟಿಸಬೇಕು. ನಾನು ಅರ್ಜಿಯಲ್ಲಿ ತುಂಬಿದ್ದ ದೊಡ್ಡ ಇಂಗ್ಲಿಷನ್ನು ಆ ಮನೆಯಲ್ಲಿ ಯಾರೂ ಓದಿರಲಿಲ್ಲವೆಂದು ಆಮೇಲೆ ತಿಳಿಯಿತು. ಡಾಕ್ಟರು ಬಂದರು, ಊರಿನವರೆಲ್ಲ ಸಾಲಾಗಿ ನಿಂತು ಸಂತೋಷದಿಂದ ಫೇಲಾದರು, ಈರಮ್ಮನಿಗೆ ಅವಳದೇ ಕನ್ನಡಕ ಬಂತು. ಬಂದದ್ದೇ ತಡ, ಆಕೆ ಮನೆಮನೆಗೆ ಹೋಗಿ ಆ ವರ್ಷಗಳಲ್ಲಿ ಹೊಲಿದು ಕೊಟ್ಟ ಕೌದಿಗಳನ್ನೆಲ್ಲ ವಾಪಸು ಕೇಳತೊಡಗಿದಳು. ಬಿಚ್ಚಿ ಹೊಸದಾಗಿ ಹೊಲಿದು ಕೊಡುತ್ತಾಳಂತೆ. ಕೊಡುವುದಿಲ್ಲವೆಂದವರ ಮನೆಯ ಕಟ್ಟೆಯ ಮೇಲೆ ಕೂತೇ ಬಿಡುವಳಂತೆ.

ಅಂಥ ಕೌದಿಯೊಂದು ನನ್ನ ಹತ್ತಿರವೂ ಉಂಟು. ಸಾಲುಗಳು ದಾರಿ ತಪ್ಪಿ, ಒಂದನ್ನೊಂದು ದಾಟಿ, ಮೂಲೆಯಲ್ಲೊಂದು ಕಡೆ ದಾರ ಗುಂಡಗೆ ಸುತ್ತಿಕೊಂಡುಬಿಟ್ಟಿದೆ. ನನಗೆ ಅದರ ಮೇಲೆ ಬಹಳ ಪ್ರೀತಿ. ಅದನ್ನು ಬಿಚ್ಚಲು ಕೊಡುವ ಮನಸ್ಸಿಲ್ಲದೆ, ಆಕೆ ಕೇಳಿದಾಗಲೆಲ್ಲ ಏನಾದರೊಂದು ನೆಪ ಹೇಳುತ್ತ ಬಂದಿದ್ದೇನೆ.

ಮೊನ್ನೆ ಟ್ರಂಕಿನ ಮುಂದೆ ಇದನ್ನೆಲ್ಲ ನೆನೆಯುತ್ತ ಕೂತಿದ್ದಾಗಲೇ ಬಾಗಿಲಲ್ಲಿ, "ಆಚಾರ್ರ, ಅದೀರೇನ್ರಿ?" ಎಂಬ ದನಿ ಕೇಳಿತು. ಆಲೂರಿನ ಬಸ್ಸಿಗೆ ಬಂದು ಇಳಿದಿದ್ದಳು ಈರಮ್ಮ. ನಾನು ಮಂಚದ ಮೇಲಿದ್ದ ಕೌದಿಯನ್ನು ಮಂಚದ ಕೆಳಗೆ ತಳ್ಳಿ ಎದುರು ಹೋದೆ.

"ನಿಮ್ಮದೊಂದ ಉಳದೈತ್ರಿ. ಕೊಡ್ರಿ," ಎಂದಳು.

"ಎಲ್ಲಿಟ್ಟೀನೋ ಏನೋ ಈರಮ್ಮಾ. ಎಷ್ಟು ಹುಡುಕಿದ್ರೂ ಕಾಣವಲ್ದು."

ಈರಮ್ಮ ತನ್ನ ಕನ್ನಡಕವನ್ನು ಬೆರಳಿನಿಂದ ಮೇಲೆ ಸರಿಸಿ ನನ್ನ ಮುಖ ನೋಡಿದಳು. ಆಮೇಲೆ ನನ್ನ ಬೆನ್ನ ಹಿಂದಿನ ಮಂಚ ನೋಡಿದಳು. ಬೈಯುತ್ತಾಳೆಂದುಕೊಂಡೆ, ಬದಲಿಗೆ ನನ್ನ ಕೈ ಹಿಡಿದುಕೊಂಡಳು.

"ಕಾಣವಲ್ದೇನ್ರಿ? ಸಂತಿ ದಿನ ಆಲೂರಿಗೆ ಬರ್ರಿ, ಡಾಕ್ಟ್ರು ಬರತಾರ. ನಾಚಬ್ಯಾಡ್ರಿ ಆಚಾರ್ರ, ನಾನ ಬಾಜೂಕ ನಿಲ್ಲತೀನಿ," ಎಂದಳು, ಮತ್ತು ಬಗ್ಗಿ, ಮಂಚದ ಕೆಳಗೆ ಇಣುಕುತ್ತಿದ್ದ ಕೌದಿಯ ತುದಿಯನ್ನು ಹಿಡಿದು ಎಳೆದಳು.