ಅವ್ವನ ಒಂದೆಕರೆ ಭತ್ತ

ಹೊಲದಲ್ಲಿ ನೀರು ನಿಂತದ್ದನ್ನು ಕಂಡರೆ ಇಂದಿಗೂ ನನ್ನ ಕೈ ಸಲಿಕೆ ಹುಡುಕುತ್ತದೆ. ಶಹಾಪುರದ ಶಾಲೆಯೊಂದರಲ್ಲಿ ಭೂಗೋಳ ಕಲಿಸಿದವನು ನಾನು. ಭತ್ತಕ್ಕೆ ನಿಂತ ನೀರು ಬೇಕೆಂದು ಕರಿಹಲಗೆಯ ಮೇಲೆ ಅದೆಷ್ಟು ಸಲ ಬರೆದಿದ್ದೇನೋ! ಬರೆದದ್ದು ಇದೇ ಕೈ. ಪಾಠ ಮಾತ್ರ ಅದರ ತಲೆಗೆ ಹತ್ತಲಿಲ್ಲ.

ಪಾಪ, ಕೈಯನ್ನು ಬೈದು ಏನು ಫಲ? ನಾವು ಜೋಳದ ಮಂದಿ. ನಮ್ಮ ಕರಿನೆಲದಲ್ಲಿ ಮಳೆನೀರು ನಾಲ್ಕು ದಿನ ನಿಂತರೆ ಬೆಳೆಯ ಆಸೆ ಬಿಟ್ಟಂತೆಯೇ. ಒಡ್ಡು ಕಡಿದು ನೀರು ಹೊರಗೆ ಬಿಡುವುದನ್ನು ನಾನು ಅಕ್ಷರಕ್ಕಿಂತ ಮೊದಲೇ ಕಲಿತಿದ್ದೆ. ಇನ್ನು ಅನ್ನವೋ, ನಮ್ಮ ಓಣಿಯಲ್ಲಿ ಅದು ಊಟಕ್ಕಿಂತ ಹೆಚ್ಚಾಗಿ ಔಷಧ. ಜ್ವರ ಬಂದು ಬಾಯಿ ಕೆಟ್ಟವರಿಗೆ ಮೆತ್ತಗೆ ಬೇಯಿಸಿ ಕೊಡುವಂಥದ್ದು. ನಮ್ಮ ಒಲೆಯಿಂದ ಅನ್ನದ ವಾಸನೆ ಬಂದರೆ ಸಾಕು, ಪಕ್ಕದ ಮನೆಯ ಶಾಂತಮ್ಮ ಬಾಗಿಲಿಗೆ ಬಂದು, "ಯಾರಿಗಿ ಆರಾಮಿಲ್ಲ ಯಕ್ಕಾ?" ಎನ್ನುತ್ತಿದ್ದಳು.

ಆ ಪ್ರಶ್ನೆ ಅವ್ವನಿಗೆ ಚುಚ್ಚುತ್ತಿತ್ತು. "ಗಟ್ಟಿ ಇದ್ದೋರು ಅನ್ನ ಉಂಡ್ರ ಏನಾಗ್ತದ?" ಎಂಬುದು ಅವಳ ತಕರಾರು. ಅವಳ ತವರು ದೇವಾಪುರದ ಕಡೆಯ ಊರು. ಅಲ್ಲಿ ಕೆರೆಯ ಕೆಳಗೆ ಒಂದು ಕಾಲಕ್ಕೆ ಭತ್ತ, ನಮ್ಮ ಮಾತಿನಲ್ಲಿ ನೆಲ್ಲು, ಬೆಳೆಯುತ್ತಿದ್ದರಂತೆ. ಕೆರೆಯಲ್ಲಿ ಹೂಳು ತುಂಬಿತು, ಗದ್ದೆಗಳು ಜೋಳಕ್ಕೆ ತಿರುಗಿದವು, ಅವ್ವ ಮದುವೆಯಾಗಿ ಇತ್ತ ಬಂದಳು.

ಆಮೇಲೆ ಕಾಲುವೆ ಬಂತು. ಅದರ ಬೆನ್ನಿಗೇ ಆಂಧ್ರದ ಕಡೆಯ ರೈತರು ಬಂದು ಊರಾಚೆ ಕ್ಯಾಂಪು ಕಟ್ಟಿಕೊಂಡು ನೆಲೆಸಿದರು. ಭತ್ತವೆಂದರೆ ಅವರದೇ ವಿದ್ಯೆ ಎಂದು ಊರಿಗೆ ಊರೇ ಒಪ್ಪಿತು. ಅವ್ವ ಒಪ್ಪಲಿಲ್ಲ. ಹಟ ಹಿಡಿದು ಅಪ್ಪನಿಂದ ಒಂದೆಕರೆ ಬಿಡಿಸಿಕೊಂಡಳು.

"ಒಂದು ವರ್ಷ ನೋಡು. ಬರಲಿಲ್ಲಂದ್ರ ಮತ್ತ ಜ್ವಾಳನ. ಆಮ್ಯಾಲ ನೆಲ್ಲಿನ ಮಾತು ಎತ್ತಬ್ಯಾಡ" ಎಂದ ಅಪ್ಪ.

ನಾಟಿಯಾದ ಐದನೆಯ ದಿನ ಬೆಳಿಗ್ಗೆ, ಶಾಲೆಗೆ ಪಾಠ ಹೇಳಲು ಹೋಗುವ ಮುಂಚೆ, ಹೊಲಕ್ಕೆ ಹೋದೆ. ಎಳೆಯ ಸಸಿಗಳು ನೀರಿನಲ್ಲಿ ನಿಂತಿದ್ದವು. ಸಲಿಕೆ ಎತ್ತಿ ಒಡ್ಡು ಕಡಿದೆ. ಮನೆಗೆ ಬಂದು, "ಅವ್ವಾ, ನಿನ್ನ ಬೆಳಿ ಉಳಿಸಿ ಬಂದೀನಿ" ಎಂದೂ ಕೊಚ್ಚಿಕೊಂಡೆ.

"ಅಯ್ಯ, ನೀ ಸಾಲಿ ಮಾಸ್ತರ ಅಲ್ಲೇನೋ!" ಎಂದು ಅವ್ವ ಹಣೆ ಹಿಡಿದುಕೊಂಡು ಕುಳಿತಳು.

ಕಾಲುವೆ ನೀರಿನ ನಮ್ಮ ಪಾಳಿ ಬರಲು ಇನ್ನೂ ಎಂಟು ದಿನ ಇತ್ತು. ನಾಲ್ಕನೆಯ ದಿನಕ್ಕೆ ನೆಲ ಬಿರುಕು ಬಿಟ್ಟು ಸಸಿಗಳ ತುದಿ ಹಳದಿಯಾಯಿತು. ಅಪ್ಪ ಬೈಯಲಿಲ್ಲ; ಜೋಳದ ಬೀಜ ಎಲ್ಲಿಟ್ಟಿದೆ ಎಂದಷ್ಟೇ ಕೇಳಿದ. ನನಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಯಿತು.

ಅವ್ವ ಸೀರೆ ಎತ್ತಿ ಕಟ್ಟಿ, ಕ್ಯಾಂಪಿನ ವೆಂಕಟಯ್ಯನ ಗದ್ದೆಗೆ ಹೊರಟಳು. ನಾನೂ ತಪ್ಪಿತಸ್ಥನಂತೆ ಹಿಂದೆ ನಡೆದೆ. ಅಂದು ನೀರಿನ ಪಾಳಿ ಅವನದು, ಆದರೆ ಆಳು ಸಾಲದೆ ನಾಟಿ ಅರ್ಧಕ್ಕೆ ನಿಂತಿತ್ತು.

"ನಿಮ್ಮ ನೆಲ್ಲು ನಾ ಹಚ್ಚಿ ಕೊಡ್ತೀನ್ರಿ. ಅರ್ಧ ದಿನದ ನೀರು ನಮ್ಮ ಹೊಲಕ್ಕ ಬಿಡ್ರಿ" ಎಂದಳು ಅವ್ವ.

ಜೋಳದವರಿಗೆ ನಾಟಿ ಎಲ್ಲಿ ಬರುತ್ತದೆಂದು ವೆಂಕಟಯ್ಯ ನಕ್ಕ. ಅವ್ವ ಕೆಸರಿಗಿಳಿದಳು. ಬೆನ್ನು ಬಗ್ಗಿಸಿ, ಹಿಂದಿಂದಕ್ಕೆ ಹೆಜ್ಜೆ ಇಡುತ್ತ, ಸಾಲು ಸೊಟ್ಟಾಗದಂತೆ ಸಸಿ ಊರುತ್ತ ಹೋದಳು. ಮದುವೆಯಾದಾಗಿನಿಂದ ನಮ್ಮ ಒಂದೆಕರೆಯ ನಾಟಿಯವರೆಗೆ ಕೆಸರನ್ನೇ ಮುಟ್ಟದ ಬೆರಳುಗಳು ಏನನ್ನೂ ಮರೆತಿರಲಿಲ್ಲ. ವೆಂಕಟಯ್ಯನ ನಗು ನಿಂತಿತು.

"ಎಲ್ಲಿ ಕಲ್ತ್ರಿ ಅಮ್ಮಾ ಇದು?"

"ನಮ್ಮ ತವರಮನಿ ಕೆರಿ ಕೆಳಗ್ರಿ. ಈ ಕೆನಾಲ್ ಬರೂಕಿಂತ ಮೊದಲ."

ವೆಂಕಟಯ್ಯ ತಾನೇ ಹೋಗಿ ನೀರನ್ನು ನಮ್ಮ ಹೊಲಕ್ಕೆ ತಿರುಗಿಸಿದ. ನಾನು ಕಡಿದ ಒಡ್ಡನ್ನು ನಾನೇ ಮುಚ್ಚಿದೆ. ಅಷ್ಟು ಓದಿದ ನನಗೆ, ಸಹಿ ಹಾಕಲೂ ಬಾರದ ಅವ್ವನ ಮಗನೆಂದು ಹೇಳಿಕೊಳ್ಳುವ ಹೆಮ್ಮೆ ಹುಟ್ಟಿದ್ದು ಅಂದು, ಮೊಣಕಾಲುದ್ದ ಕೆಸರಿನಲ್ಲಿ.

ಕೊಯ್ಲು ಮುಗಿದು ರಾಶಿಯಾದ ಮೇಲೆ ಒಂದು ದಿನ ಅವ್ವ ಮನೆಯಲ್ಲಿದ್ದ ದೊಡ್ಡ ಪಾತ್ರೆಯನ್ನೇ ಒಲೆಯ ಮೇಲಿಟ್ಟಳು. ಹೊಸ ಅಕ್ಕಿಯ ವಾಸನೆ ಓಣಿಗೆಲ್ಲ ಹಬ್ಬಿತು. ಶಾಂತಮ್ಮ ಗಾಬರಿಯಿಂದ ಓಡಿಬಂದಳು.

"ಯಾರಿಗಿ ಆರಾಮಿಲ್ಲ ಯಕ್ಕಾ?"

ಅವ್ವ ಅವಳ ಮುಂದೆ ಒಂದು ತಾಟು ಇಟ್ಟು, ತುಂಬ ಅನ್ನ ಬಡಿಸಿದಳು.

"ಎಲ್ಲಾರೂ ಗಟ್ಟಿ ಅದೀವಿ. ಕುಂದ್ರು, ಉಣ್ಣು."